ಸಾಲಿಗೆ ಸಾಲು: ಕನ್ನಡ ಯಂತ್ರಾನುವಾದದ ದತ್ತಾಂಶ ಬೆಳೆದು ಬಂದ ಬಗೆ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವದ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ತಿಕೋಂಡಿ, ಸಂಖ, ಉಮದಿ ಸೀಮೆಯ ರೈತ ಹೊಲದ ಸಾತ್‌ಬಾರಾ ಉತಾರ ತೆಗೆಸಿದರೂ, ಬೆಳೆವಿಮೆಯ ಅರ್ಜಿ ತುಂಬಿದರೂ, ಪಂಚಾಯಿತಿಯ ನೋಟೀಸು ಓದಿದರೂ ಕೈಗೆ ಬರುವುದು ಮರಾಠಿ ಕಾಗದ. ಈಗ ಅದರ ಮೇಲೆ ಫೋನಿನ ಕ್ಯಾಮೆರಾ ಹಿಡಿದರೆ ಕನ್ನಡ ಮೂಡುತ್ತದೆ. ಕೆಲವು ಸಾಲು ಚೆನ್ನಾಗಿರುತ್ತವೆ, ಕೆಲವು ನಗು ತರಿಸುತ್ತವೆ. ಈ ಸರಿ–ತಪ್ಪುಗಳ ಬೇರು ಎಷ್ಟೋ ವರ್ಷಗಳಿಂದ ಕೂಡಿಟ್ಟ ವಾಕ್ಯಜೋಡಿಗಳ ರಾಶಿಯಲ್ಲಿದೆ. ಒಂದು ಭಾಷೆಯ ವಾಕ್ಯ, ಅದರ ಪಕ್ಕದಲ್ಲಿ ಇನ್ನೊಂದು ಭಾಷೆಯ ಅನುವಾದ: ಇಂಥ ಜೋಡಿಗಳ ಸಂಗ್ರಹಕ್ಕೆ ಸಮಾನಾಂತರ ದತ್ತಾಂಶ ಎನ್ನುತ್ತಾರೆ. ಕನ್ನಡದ ಪಾಲಿಗೆ ಈ ದತ್ತಾಂಶ ಬಹುಕಾಲ ಹೆಚ್ಚುಕಡಿಮೆ ಇರಲೇ ಇಲ್ಲ. ಆಮೇಲೆ ಒಮ್ಮೆಲೇ ಕೋಟಿಗಟ್ಟಲೆ ಬಂತು. ಈಗಿರುವ ಕೆಲಸ ಅದರ ಲೆಕ್ಕ ಇಡುವುದು.

ಜೋಡಿಗಳಿಲ್ಲದ ಕಾಲ

ಭಾರತದಲ್ಲಿ ಯಂತ್ರಾನುವಾದ ಶುರುವಾದದ್ದು ವ್ಯಾಕರಣದಿಂದ. ಐಐಟಿ ಕಾನ್ಪುರದಲ್ಲಿ ರಾಜೀವ್ ಸಂಗಲ್ ಮತ್ತು ವಿನೀತ್ ಚೈತನ್ಯ ಅವರ ಗುಂಪು ಕಟ್ಟಿದ ‘ಅನುಸಾರಕ’ ವ್ಯವಸ್ಥೆಯ ಮೊದಲ ಪ್ರಯೋಗಗಳಲ್ಲಿ ಕನ್ನಡದಿಂದ ಹಿಂದಿಗೆ ಅನುವಾದ ಪ್ರಮುಖವಾಗಿತ್ತು. ಪದವನ್ನು ಬಿಡಿಸಿ, ವಿಭಕ್ತಿ ಗುರುತಿಸಿ, ನಿಘಂಟು ನೋಡಿ ಹಿಂದಿಯಲ್ಲಿ ಜೋಡಿಸುವ ವಿಧಾನ ಅದು. ಶತಮಾನದ ತಿರುವಿನ ಹೊತ್ತಿಗೆ ಹೈದರಾಬಾದ್ ವಿಶ್ವವಿದ್ಯಾಲಯದ ಕವಿ ನಾರಾಯಣಮೂರ್ತಿ ಅವರು ಕರ್ನಾಟಕ ಸರ್ಕಾರದ ನೆರವಿನಿಂದ ಇಂಗ್ಲಿಷ್–ಕನ್ನಡ ಅನುವಾದಕ್ಕೆ ‘ಮ್ಯಾಟ್’ ಎಂಬ ವ್ಯವಸ್ಥೆ ಕಟ್ಟಿದರು. ಅದನ್ನು ಪರೀಕ್ಷಿಸಿದ್ದು ಬಜೆಟ್ ಭಾಷಣದಂಥ ಸರ್ಕಾರಿ ಬರಹಗಳ ಮೇಲೆ. ಯಂತ್ರ ಕರಡು ಕೊಡಬೇಕು, ಅನುವಾದಕ ತಿದ್ದಬೇಕು ಎಂಬುದು ಅದರ ಲೆಕ್ಕಾಚಾರ. ಈ ಎರಡೂ ವ್ಯವಸ್ಥೆಗಳು ನಿಯಮಗಳನ್ನು ನಂಬಿದ್ದವು. ವಾಕ್ಯಜೋಡಿಗಳ ರಾಶಿ ಅವಕ್ಕೆ ಬೇಕಿರಲಿಲ್ಲ.

ಅಷ್ಟರಲ್ಲಿ ಹೊರಗಿನ ಜಗತ್ತು ದಾರಿ ಬದಲಿಸಿತ್ತು. ಐಬಿಎಂ ಸಂಶೋಧಕರು 1990ರ ಆಸುಪಾಸಿನಲ್ಲಿ ಕೆನಡಾ ಸಂಸತ್ತಿನ ಇಂಗ್ಲಿಷ್–ಫ್ರೆಂಚ್ ನಡಾವಳಿಗಳನ್ನು ಎದುರುಬದುರು ಇಟ್ಟು, ವ್ಯಾಕರಣದ ಹಂಗಿಲ್ಲದೆ ಎಣಿಕೆಯಿಂದಲೇ ಅನುವಾದ ಕಲಿಸಬಹುದೆಂದು ತೋರಿಸಿದರು. ಯಾವ ವಾಕ್ಯಕ್ಕೆ ಯಾವುದು ಜೋಡಿ ಎಂದು ಪತ್ತೆ ಹಚ್ಚಲು ಗೇಲ್ ಮತ್ತು ಚರ್ಚ್ ಒಂದು ಸರಳ ವಿಧಾನ ಕೊಟ್ಟರು: ಉದ್ದ ವಾಕ್ಯದ ಅನುವಾದ ಉದ್ದವಾಗಿಯೇ ಇರುತ್ತದೆ, ಅಕ್ಷರ ಎಣಿಸಿ ಹೊಂದಿಸಿ. ಯುರೋಪಿನ ಸಂಸತ್ತಿನ ನಡಾವಳಿಗಳಿಂದ ಫಿಲಿಪ್ ಕೋನ್ 2005ರಲ್ಲಿ ಹೊರತಂದ ಯೂರೋಪಾರ್ಲ್ ಮತ್ತು 2007ರ ಮೋಸೆಸ್ ತಂತ್ರಾಂಶ ಒಟ್ಟಾದ ಮೇಲೆ, ದತ್ತಾಂಶ ಇದ್ದವರು ಯಾರು ಬೇಕಾದರೂ ಅನುವಾದ ಯಂತ್ರ ಕಟ್ಟುವಂತಾಯಿತು. ಇಲ್ಲದವರು ಹೊರಗೇ ಉಳಿದರು.

ಪಟ್ಟಿಯಲ್ಲಿ ಇಲ್ಲದ ಕನ್ನಡ

ಹೊರಗೆ ಉಳಿದ ಭಾಷೆಗಳಲ್ಲಿ ಕನ್ನಡವೂ ಒಂದು. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಜೊತೆ ಸೇರಿ ಹೊರತಂದ ಎಮಿಲಿ ಸಂಗ್ರಹದಲ್ಲಿ ಕನ್ನಡದ ಬಿಡಿ ಪಠ್ಯ ಇತ್ತು. ಆದರೆ ಇಂಗ್ಲಿಷಿನಿಂದ ಅನುವಾದಿಸಿ ಜೋಡಿಸಿದ ಭಾಗ ಹಿಂದಿ, ಬಂಗಾಳಿ, ಪಂಜಾಬಿ, ಗುಜರಾತಿ, ಉರ್ದುಗಳಿಗೆ ಸೀಮಿತವಾಗಿತ್ತು. ಕೇಂದ್ರ ಸರ್ಕಾರದ ಭಾಷಾ ತಂತ್ರಜ್ಞಾನ ಕಾರ್ಯಕ್ರಮ ಟಿಡಿಐಎಲ್ ನೆರವಿನಲ್ಲಿ ಜೆಎನ್‌ಯುನ ಗಿರೀಶನಾಥ ಝಾ ಅವರ ನೇತೃತ್ವದಲ್ಲಿ ನಡೆದ ಐಎಲ್‌ಸಿಐ ಯೋಜನೆ ಆರೋಗ್ಯ ಮತ್ತು ಪ್ರವಾಸೋದ್ಯಮದ ಹಿಂದಿ ವಾಕ್ಯಗಳನ್ನು ಬೇರೆ ಭಾಷೆಗಳಿಗೆ ಕೈಯಾರೆ ಅನುವಾದಿಸಿತು. ಮೊದಲ ಹಂತದ 12 ಭಾಷೆಗಳಲ್ಲಿ ಮರಾಠಿ, ಕೊಂಕಣಿ, ತೆಲುಗು, ತಮಿಳು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಅದರ ಪರಿಣಾಮ ಮುಂದಿನ ಸಂಶೋಧನೆಗಳಿಗೂ ಹರಿಯಿತು. ಆ ದತ್ತಾಂಶದ ಮೇಲೆ ಐಐಟಿ ಬಾಂಬೆ 2014ರಲ್ಲಿ ಪ್ರಕಟಿಸಿದ ‘ಶತಾನುವಾದಕ’ 11 ಭಾಷೆಗಳ ನಡುವೆ 110 ದಿಕ್ಕಿನ ಅನುವಾದ ಮಾಡುತ್ತಿತ್ತು. ಅದರಲ್ಲೂ ಕನ್ನಡವಿಲ್ಲ. 2020ರ ಏಷ್ಯನ್ ಅನುವಾದ ಕಾರ್ಯಾಗಾರದ ಸ್ಪರ್ಧೆಯಲ್ಲಿ ಏಳು ಭಾರತೀಯ ಭಾಷೆಗಳಿದ್ದವು. ಕನ್ನಡಕ್ಕೆ ಸ್ಥಾನ ಸಿಕ್ಕಿದ್ದು ಮರುವರ್ಷ.

ಇಷ್ಟರ ನಡುವೆ ಕನ್ನಡದ ಜೋಡಿಗಳು ಯಾರೂ ಹುಡುಕದ ಕಡೆ ಬಿದ್ದಿದ್ದವು. ಬೈಬಲ್ಲಿನ ಅನುವಾದಕ್ಕೆ ವಚನಸಂಖ್ಯೆ ಇರುವುದರಿಂದ ಅದು ತಾನಾಗಿಯೇ ಸಾಲಿಗೆ ಸಾಲು ಹೊಂದಿಕೊಂಡಿತ್ತು. ಗ್ನೋಮ್, ಕೆಡಿಇ ಮುಂತಾದ ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ತಂದವರ ಪಿಒ ಕಡತಗಳೂ ಹಾಗೆಯೇ: ಪ್ರತಿ ನಮೂದಿನಲ್ಲಿ ಮೂಲ ಸಾಲು ಒಂದು, ಅನುವಾದದ ಸಾಲು ಇನ್ನೊಂದು. ಯೋರ್ಗ್ ಟೀಡೆಮನ್ ಅವರ ಓಪಸ್ ಭಂಡಾರ ಇವನ್ನು ಒಟ್ಟುಮಾಡಿ ಎಲ್ಲರಿಗೂ ಕೊಟ್ಟಿತು. ಆದರೆ ಪಿಒ ಕಡತದಲ್ಲಿ ಒಂದು ಬಲೆಯಿದೆ. ಮೂಲ ಸಾಲು ಬದಲಾದಾಗ ಹಳೆಯ ಅನುವಾದವನ್ನೇ ಅಂದಾಜಿನ ಮೇಲೆ ಅಂಟಿಸಿ, ಮೇಲೆ ‘ಫಜ್ಜಿ’ ಎಂಬ ಗುರುತು ಹಾಕುವ ರೂಢಿ ಅಲ್ಲಿದೆ. ಆ ಗುರುತನ್ನು ಓದದೆ ಕಡತ ಒಡೆಯುವ ಪ್ರೋಗ್ರಾಮ್ ‘ಉಳಿಸು’ ಎಂಬುದಕ್ಕೆ ‘ಅಳಿಸು’ ಎಂದು ಕಲಿಸಿಬಿಡಬಹುದು.

ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರ ಜೂನ್‌ನಲ್ಲಿ, ಬಂಗಾಳಿ, ಗುಜರಾತಿ, ತಮಿಳು, ತೆಲುಗು ಜೊತೆಗೆ, ಇನ್ನೂ ಪ್ರಯೋಗದ ಹಂತ ಎಂಬ ಎಚ್ಚರಿಕೆಯೊಂದಿಗೆ. 2017ರ ಏಪ್ರಿಲ್‌ನಲ್ಲಿ ಅದು ನರಜಾಲದ ಮಾದರಿಗೆ ಬದಲಾದಾಗ ಅನುವಾದ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ದತ್ತಾಂಶದ ಹಸಿವು ಇನ್ನೂ ಹೆಚ್ಚಿತು.

ಕೋಟಿಗಳ ಕಾಲ

2020ರಿಂದ ಚಿತ್ರ ಬದಲಾಯಿತು. ಎಡಿನ್‌ಬರೋ ವಿಶ್ವವಿದ್ಯಾಲಯದವರು ಪ್ರಧಾನಮಂತ್ರಿ ಕಚೇರಿಯ ಜಾಲತಾಣದ ಬಹುಭಾಷಾ ಸುದ್ದಿಗಳಿಂದ ಪಿಎಂಇಂಡಿಯಾ ಸಂಗ್ರಹ ಮಾಡಿದರು. ಅದರಲ್ಲಿ ಕನ್ನಡವೂ ಸೇರಿ 13 ಭಾಷೆಗಳು, ಒಂದೊಂದಕ್ಕೆ ಗರಿಷ್ಠ 56,000 ವಾಕ್ಯಗಳು. 2021ರಲ್ಲಿ ಐಐಟಿ ಮದ್ರಾಸಿನ ಎಐ4ಭಾರತ್ ತಂಡ ‘ಸಮಾನಾಂತರ್’ ಸಂಗ್ರಹ ಹೊರತಂದಿತು. 11 ಭಾಷೆಗಳಿಗೆ ಇಂಗ್ಲಿಷ್ ಜೊತೆ 4.97 ಕೋಟಿ ಜೋಡಿ, ಕನ್ನಡದ ಪಾಲು ಸುಮಾರು 40 ಲಕ್ಷ. ಇದರಲ್ಲಿ ಬಹುಪಾಲು ಹೊಸದಾಗಿ ಅಗೆದು ತೆಗೆದದ್ದು. ಸುದ್ದಿತಾಣಗಳು, ಸ್ಕ್ಯಾನ್ ಮಾಡಿದ ದಾಖಲೆಗಳು, ವೆಬ್‌ನ ಬಿಡಿ ವಾಕ್ಯಗಳನ್ನು ಗೂಗಲ್‌ನ ಲಾಬ್ಸೆ ಮಾದರಿಯಿಂದ ಸಂಖ್ಯೆಗಳ ಸರಣಿಯಾಗಿ ಬದಲಿಸಿ, ಅರ್ಥ ಹತ್ತಿರವಿದ್ದವನ್ನು ಜೋಡಿ ಎಂದು ತೆಗೆದರು.

2022ರ ಜುಲೈನಲ್ಲಿ ಕೇಂದ್ರ ಸರ್ಕಾರದ ಭಾಷಾನುವಾದ ವೇದಿಕೆ ಭಾಷಿಣಿ ಚಾಲನೆಗೊಂಡಿತು. ಅದೇ ತಿಂಗಳು ಮೆಟಾ 200 ಭಾಷೆಗಳ ಎನ್‌ಎಲ್‌ಎಲ್‌ಬಿ ಮಾದರಿಯನ್ನು ಬಿಡುಗಡೆ ಮಾಡಿತು. 2023ರಲ್ಲಿ ಎಐ4ಭಾರತ್ ಸಂವಿಧಾನದ 22 ಭಾಷೆಗಳಿಗೆ ಇಂಡಿಕ್‌ಟ್ರಾನ್ಸ್2 ಮಾದರಿಯನ್ನು, ಅದರ ಜೊತೆ 23 ಕೋಟಿ ಜೋಡಿಗಳ ಬಿಪಿಸಿಸಿ ಸಂಗ್ರಹವನ್ನು ಕೊಟ್ಟಿತು. ಆ 23 ಕೋಟಿಯಲ್ಲಿ ಅನುವಾದಕರು ಹೊಸದಾಗಿ ಕೂತು ಬರೆದವು 6.44 ಲಕ್ಷ. ಉಳಿದವು ಹೆಚ್ಚಾಗಿ ಯಂತ್ರ ಹುಡುಕಿದವು, ಯಂತ್ರವೇ ಅಳೆದವು.

ತೂರುವ ಕೆಲಸ

ರಾಶಿ ದೊಡ್ಡದಾದಂತೆ ಹೊಟ್ಟೂ ಹೆಚ್ಚಿತು. ಕ್ರಾಯ್ಟ್ಸರ್ ಮತ್ತಿತರರು ವೆಬ್‌ನಿಂದ ತೆಗೆದ ಬಹುಭಾಷಾ ಸಂಗ್ರಹಗಳ 205 ಭಾಷಾಭಾಗಗಳನ್ನು ಕಣ್ಣಾರೆ ಪರೀಕ್ಷಿಸಿದಾಗ ಕನಿಷ್ಠ 15ರಲ್ಲಿ ಬಳಸಬಲ್ಲ ಒಂದು ಸಾಲೂ ಇರಲಿಲ್ಲ. ಹಾಗಾಗಿ ಶುಚಿಗೊಳಿಸುವುದೇ ಒಂದು ವಿದ್ಯೆಯಾಗಿ ಬೆಳೆಯಿತು. ಆದರೆ ಬೇರೆ ಭಾಷೆಗಳಿಗಾಗಿ ಬರೆದ ಜರಡಿಗಳನ್ನು ಹಾಗೆಯೇ ತಂದರೆ ಕನ್ನಡದ ಕಾಳೂ ಹಾರಿಹೋಗುತ್ತದೆ.

‘ತಿಕೋಂಡಿ’ ಎಂಬ ಊರಿನ ಹೆಸರನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಅದರ ‘ಕೋ’ ಬರೆಯಲು ‘ಓ’ಕಾರದ ಒಂದೇ ಸಂಕೇತ ಸಾಕು. ಎತ್ವ, ‘ಊ’ಕಾರದ ಕೊಂಬು ಮತ್ತು ದೀರ್ಘದ ಗುರುತನ್ನು ಬೇರೆಬೇರೆಯಾಗಿ ಸೇರಿಸಿದರೂ ಪರದೆಯ ಮೇಲೆ ಅದೇ ರೂಪ. ಮೊದಲ ಬಗೆಯಲ್ಲಿ ಹೆಸರಿಗೆ ಏಳು ಸಂಕೇತ, ಎರಡನೆಯದರಲ್ಲಿ ಒಂಬತ್ತು. ಓದುವವರಿಗೆ ಒಂದೇ ಊರು, ಕಂಪ್ಯೂಟರಿಗೆ ಎರಡು. ಎನ್‌ಎಫ್‌ಸಿ ಎಂಬ ಪ್ರಮಾಣ ರೂಪಕ್ಕೆ ತಾರದೆ ನಕಲು ತೆಗೆಯಲು ಹೊರಟರೆ ಒಂದೇ ವಾಕ್ಯ ಎರಡು ಸಲ ಉಳಿಯುತ್ತದೆ. ಇದಕ್ಕಿಂತ ಕಾಟದ್ದು ಕಾಣದ ಅಕ್ಷರ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ನಡುವೆ ಅಗಲವಿಲ್ಲದ ಒಂದು ಸಂಕೇತ ಕೂತಿರುತ್ತದೆ. ಕಾಣದ ಅಕ್ಷರಗಳೆಲ್ಲ ಕಸ ಎಂದು ಅಳಿಸುವ ಶುಚಿಕಾರಕ ಅದನ್ನು ‘ಸಾಫ್ಟ್ವೇರ್’ ಮಾಡಿ, ವಕಾರವನ್ನು ಒತ್ತಕ್ಷರಕ್ಕೆ ಇಳಿಸುತ್ತದೆ. ಅನೂಪ್ ಕುಂಚುಕುಟ್ಟನ್ ಅವರ ಇಂಡಿಕ್ ಎನ್‌ಎಲ್‌ಪಿ ಲೈಬ್ರರಿಯಂಥ ಭಾರತೀಯ ಲಿಪಿಗಳಿಗೆಂದೇ ಬರೆದ ಉಪಕರಣ ಬೇಕಾದದ್ದು ಇಂಥ ಕಡೆ. ಆಗಲೂ ಈ ಸಂಕೇತ ಉಳಿಯಬೇಕೆ, ಹೋಗಬೇಕೆ ಎಂಬ ಆಯ್ಕೆಯನ್ನು ನಾವೇ ಮಾಡಿ ಬರೆದಿಡಬೇಕು.

ಉದ್ದದ ಜರಡಿಯೂ ಹೀಗೆಯೇ. ಕನ್ನಡ ‘ಬರಲಿಲ್ಲವಂತೆ’ ಎಂದು ಒಂದೇ ಪದದಲ್ಲಿ ಮುಗಿಸುವುದಕ್ಕೆ ಇಂಗ್ಲಿಷಿಗೆ ನಾಲ್ಕೈದು ಪದ ಬೇಕು. ಪದಗಳ ಅನುಪಾತ ನೋಡುವ ಜರಡಿ ಒಳ್ಳೆಯ ಜೋಡಿಯನ್ನೇ ಎಸೆಯುತ್ತದೆ; ಅಕ್ಷರಗಳ ಅನುಪಾತ ನೋಡುವುದು ಲೇಸು. ಅಂಕಿಗಳನ್ನು ಹೋಲಿಸುವ ಮೊದಲು ಕನ್ನಡ, ದೇವನಾಗರಿ ಮತ್ತು ಇಂಗ್ಲಿಷ್ ಅಂಕಿಗಳನ್ನು ಒಂದೇ ರೂಪಕ್ಕೆ ತರಬೇಕು. ಲಿಪಿ ನೋಡಿ ಭಾಷೆ ಹೇಳುವ ತಂತ್ರವೂ ಗಡಿಯಲ್ಲಿ ಸೋಲುತ್ತದೆ: ದೇವನಾಗರಿಯಲ್ಲಿದ್ದದ್ದೆಲ್ಲ ಮರಾಠಿಯಲ್ಲ, ಕನ್ನಡ ಲಿಪಿಯಲ್ಲಿ ತುಳುವೂ ಕೊಂಕಣಿಯೂ ಇವೆ.

ಲೆಕ್ಕದ ಪುಸ್ತಕ

ಅನುವಾದ ಸೇವೆ ನಡೆಸುವವರ ಕೈಯಲ್ಲಿ ಈ ದತ್ತಾಂಶ ಮೊದಮೊದಲು ಎರಡು ಪಠ್ಯಕಡತಗಳಾಗಿತ್ತು: ಒಂದರಲ್ಲಿ ಇಂಗ್ಲಿಷ್, ಇನ್ನೊಂದರಲ್ಲಿ ಕನ್ನಡ, ನೂರನೆಯ ಸಾಲಿಗೆ ನೂರನೆಯ ಸಾಲು. ಒಂದು ಕಡತದಲ್ಲಿ ಒಂದು ಖಾಲಿ ಸಾಲು ಅಳಿಸಿದರೆ ಅದರ ಮುಂದಿನ ಜೋಡಿಗಳೆಲ್ಲ ತಪ್ಪುತ್ತವೆ, ಯಾವ ದೋಷಸಂದೇಶವೂ ಬರುವುದಿಲ್ಲ. ಅನುವಾದ ಉದ್ಯಮ 1998ರಲ್ಲೇ ಟಿಎಂಎಕ್ಸ್ ಎಂಬ ಮಾದರಿ ತಂದು ಜೋಡಿಯನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿತ್ತು. ಸಂಶೋಧಕರು ಅದೇ ತಿಳಿವಳಿಕೆಗೆ ಸುತ್ತುದಾರಿಯಲ್ಲಿ ಬಂದರು. ಭಾಷಿಣಿಯ ಯುಎಲ್‌ಸಿಎ ಭಂಡಾರಕ್ಕೆ ದತ್ತಾಂಶ ಸಲ್ಲಿಸುವವರು ವಾಕ್ಯಗಳ ಕಡತದ ಜೊತೆಗೆ ಅದರ ಭಾಷೆ, ಕ್ಷೇತ್ರ, ಪರವಾನಗಿ ಹೇಳುವ ಇನ್ನೊಂದು ಕಡತವನ್ನೂ ಕೊಡಬೇಕು. ಹೆಲ್ಸಿಂಕಿಯ ಓಪಸ್‌ಫಿಲ್ಟರ್ ಯಾವ ಜರಡಿಯ ನಂತರ ಯಾವುದು ಎಂಬುದನ್ನು ಒಂದು ಯಾಮಲ್ ಕಡತದಲ್ಲಿ ಬರೆಸಿಕೊಳ್ಳುತ್ತದೆ. ಎರಡು ವರ್ಷದ ನಂತರವೂ ಅದೇ ಶುಚಿಯನ್ನು ಮತ್ತೆ ನಡೆಸಬಹುದು. ಎಂಟಿಡೇಟಾ ಬೇರೆಬೇರೆ ಸಂಗ್ರಹಗಳನ್ನು ಹೆಸರು ಮತ್ತು ಆವೃತ್ತಿಯ ಮೇಲೆ ಇಳಿಸಿಕೊಡುತ್ತದೆ. ದೊಡ್ಡ ಕಡತಗಳನ್ನು ಗಿಟ್‌ನ ಹೊರಗಿಟ್ಟು, ಅವುಗಳ ಗುರುತನ್ನು ಮಾತ್ರ ಕೋಡ್ ಜೊತೆ ಕಾಯುವ ಕೆಲಸಕ್ಕೆ ಡಿವಿಸಿಯಂಥವು ಇವೆ.

ಇವೆಲ್ಲದರ ಸಾರ ಒಂದು ಸಾಲಿನ ದಾಖಲೆಯಲ್ಲಿ ಹಿಡಿಸುತ್ತದೆ. ಮೂಲ ವಾಕ್ಯ, ಅನುವಾದ, ಪ್ರಮಾಣ ರೂಪದಿಂದ ಲೆಕ್ಕ ಹಾಕಿದ ಹ್ಯಾಶ್, ಬಂದ ದಾಖಲೆಯ ಹೆಸರು, ತೆಗೆದ ದಿನ, ಪರವಾನಗಿ, ಮನುಷ್ಯ ಮಾಡಿದ್ದೋ ಯಂತ್ರ ಹೊಂದಿಸಿದ್ದೋ, ಹೊಂದಿಕೆಯ ಅಂಕ, ಮೂಲ ಭಾಷೆ ಯಾವುದು. ಅತಿರೇಕ ಅನ್ನಿಸಬಹುದು. ಆದರೆ 2019ರಲ್ಲಿ ಬಂದ ಜೆಡಬ್ಲ್ಯು300 ಎಂಬ 300ಕ್ಕೂ ಹೆಚ್ಚು ಭಾಷೆಗಳ ಸಂಗ್ರಹವನ್ನು ಹಕ್ಕುಸ್ವಾಮ್ಯದ ಕಾರಣಕ್ಕೆ ಓಪಸ್‌ನಿಂದ ತೆಗೆಯಬೇಕಾಯಿತು. ಪ್ರತಿ ಸಾಲಿಗೂ ಮೂಲ ಬರೆದಿಟ್ಟವರು ಅದನ್ನು ಬೇರ್ಪಡಿಸಬಲ್ಲರು. ಎಲ್ಲ ಕಲಸಿಟ್ಟವರು ರಾಶಿಯನ್ನೇ ಮತ್ತೆ ಕಟ್ಟಬೇಕು. ಪರೀಕ್ಷೆಯ ವಾಕ್ಯಗಳ ಕಥೆಯೂ ಇದೇ. ಫ್ಲೋರೆಸ್, ಐಎನ್22 ಮುಂತಾದ ಅಳತೆಗೋಲುಗಳ ವಾಕ್ಯಗಳು ತರಬೇತಿಯ ರಾಶಿಗೆ ನುಸುಳಿದರೆ ಬರುವ ಅಂಕ ಕಂಠಪಾಠದ ಅಂಕ. ಒಂದೇ ಭಾಷಣದ ಅರ್ಧ ವಾಕ್ಯಗಳನ್ನು ತರಬೇತಿಗೆ, ಅರ್ಧವನ್ನು ಪರೀಕ್ಷೆಗೆ ಹಂಚಿದರೂ ಅದೇ ಮೋಸ. ಹಂಚಿಕೆ ದಾಖಲೆಯ ಮಟ್ಟದಲ್ಲಿ ಆಗಬೇಕು.

ಮರಾಠಿ–ಕನ್ನಡ: ನೇರ ದಾರಿ ಎಲ್ಲಿ?

ಗಡಿಯವರಿಗೆ ಬೇಕಾದ ಜೋಡಿ ಮರಾಠಿ–ಕನ್ನಡ. ಸಮಾನಾಂತರ್ ಭಾರತೀಯ ಭಾಷೆಗಳ ನಡುವಣ 55 ಜೋಡಿಗಳಿಗೂ ಸೇರಿ 8.34 ಕೋಟಿ ವಾಕ್ಯಗಳನ್ನು ಕೊಟ್ಟಿತು. ಅವು ಹುಟ್ಟಿದ್ದು ಇಂಗ್ಲಿಷನ್ನು ಕೊಂಡಿ ಮಾಡಿಕೊಂಡು: ಒಂದೇ ಇಂಗ್ಲಿಷ್ ವಾಕ್ಯಕ್ಕೆ ಮರಾಠಿಯೂ ಕನ್ನಡವೂ ಸಿಕ್ಕರೆ ಅವೆರಡು ಜೋಡಿ. ದತ್ತಾಂಶವೇ ಇಲ್ಲದ ಕಡೆ ಇದು ಜಾಣ ಉಪಾಯ. ಆದರೆ ಇಂಗ್ಲಿಷ್ ಹಾಯ್ದು ಬರುವಾಗ ಎರಡೂ ಭಾಷೆಗಳಲ್ಲಿರುವ ಏಕವಚನ–ಬಹುವಚನದ ಗೌರವ ಅಳಿಯುತ್ತದೆ, ಮರಾಠಿಯ ‘ಆಮ್ಹಿ’ ಮತ್ತು ‘ಆಪಣ’ ನಡುವಿನ ಗೆರೆ ಮಾಸುತ್ತದೆ, ಅಣ್ಣ–ತಮ್ಮ ಒಂದಾಗುತ್ತಾರೆ. ಅಪ್ಪನ ವಯಸ್ಸಿನವರನ್ನು ಯಂತ್ರ ‘ನೀನು’ ಎನ್ನುವುದು ಇಂಥ ಕಡೆಯಿಂದ.

ನೇರ ಅನುವಾದದ ದೊಡ್ಡ ಭಂಡಾರವೊಂದು ಕಣ್ಣೆದುರೇ ಇದೆ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಮರಾಠಿಯ ಜೊತೆಗೆ ಕನ್ನಡ ಮಾಧ್ಯಮಕ್ಕೂ ಪುಸ್ತಕ ಪ್ರಕಟಿಸುತ್ತದೆ. ಜತ್ತ, ಅಕ್ಕಲಕೋಟೆ ಸೀಮೆಯ ಕನ್ನಡ ಶಾಲೆಗಳ ಮಕ್ಕಳು ಅದೇ ರಾಜ್ಯದ ವಿಜ್ಞಾನ, ಭೂಗೋಳ, ಗಣಿತವನ್ನು ಕನ್ನಡದಲ್ಲಿ ಓದುತ್ತಾರೆ. ಪಾಠಕ್ಕೆ ಪಾಠ, ಪ್ರಶ್ನೆಗೆ ಪ್ರಶ್ನೆ ಹೊಂದುವ ಈ ಪುಸ್ತಕಗಳು ವಿಷಯ ಬಲ್ಲವರ ಕೈಯಲ್ಲಿ ತಯಾರಾದವು. ಪುಟ ಓದಬಲ್ಲ ಒಸಿಆರ್, ವಾಕ್ಯ ಹೊಂದಿಸುವ ತಂತ್ರಾಂಶ, ಕೊನೆಗೆ ಎರಡೂ ಭಾಷೆ ಬಲ್ಲ ಗಡಿಯ ಶಿಕ್ಷಕರ ಒಂದು ನೋಟ: ಇಷ್ಟಿದ್ದರೆ ದತ್ತಾಂಶ ಸಿದ್ಧ. ಅಡ್ಡಿ ತಂತ್ರಜ್ಞಾನದ್ದಲ್ಲ, ಪರವಾನಗಿಯದ್ದು.

ಆದ್ದರಿಂದ ಎರಡು ಕೆಲಸ ತುರ್ತಾಗಿ ಆಗಬೇಕು. ಮಹಾರಾಷ್ಟ್ರ ಸರ್ಕಾರ ಬಾಲಭಾರತಿಯ ಮರಾಠಿ–ಕನ್ನಡ ಪಠ್ಯಗಳ ಮೂಲ ಕಡತಗಳನ್ನು ಸ್ಪಷ್ಟ ಪರವಾನಗಿಯೊಂದಿಗೆ ಭಾಷಿಣಿಗೆ ಕೊಡಲಿ. ಹಾಗೆ ಕೇಳುವ ಹೊಣೆಯನ್ನು ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರಲಿ. ಅನುವಾದ ಸೇವೆ ಕಟ್ಟುವ ಎಂಜಿನಿಯರುಗಳು ಮುಂದಿನ ಕೋಟಿ ವಾಕ್ಯ ಸೇರಿಸುವ ಮುನ್ನ ಈಗಿರುವ ಪ್ರತಿ ವಾಕ್ಯ ಎಲ್ಲಿಂದ ಬಂತೆಂದು ಬರೆದಿಡಲಿ. ಮೂಲ ಗೊತ್ತಿರುವ ಒಂದು ಲಕ್ಷ ನೇರ ಜೋಡಿ, ಮೂಲ ತಿಳಿಯದ ಒಂದು ಕೋಟಿಗಿಂತ ಗಡಿಯ ಕನ್ನಡಿಗರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.