ಬ್ರಾಡ್ಮನ್ ಹುಟ್ಟಿದ ಊರಿನ ಇನ್ನೊಂದು ಮನೆ

99.94! ಈ ನಂಬರ್ ಹೇಳಿದ ತಕ್ಷಣ ಕ್ರಿಕೆಟ್ ಹುಚ್ಚಿರೋ ಯಾರಿಗಾದ್ರೂ ನೆನಪಾಗೋದು ಒಂದೇ ಹೆಸರು, ಡಾನ್ ಬ್ರಾಡ್ಮನ್. 1908ರ ಆಗಸ್ಟ್ 27ರಂದು ಅವರು ಹುಟ್ಟಿದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಕೂಟಮಂಡ್ರಾ ಅನ್ನೋ ಪುಟ್ಟ ಊರಲ್ಲಿ, ಒಬ್ಬ ಸೂಲಗಿತ್ತಿಯ ಮನೆಯಲ್ಲಿ. ಮಗುವಿಗೆ ಮೂರು ವರ್ಷ ತುಂಬೋ ಮೊದಲೇ ಕುಟುಂಬ ಬೌರಲ್‌ಗೆ ಹೋಯ್ತು. ಆದ್ರೂ ಊರು ಮರೆತಿಲ್ಲ. ಆ ಮನೆ ಈಗ ಮ್ಯೂಸಿಯಂ. ಪಾರ್ಕಿನಲ್ಲಿ ಟೆಸ್ಟ್ ಕ್ಯಾಪ್ಟನ್‌ಗಳ ಕಂಚಿನ ಪ್ರತಿಮೆಗಳ ಸಾಲೇ ಇದೆ.

ಅದೇ ಊರಲ್ಲಿ ಇನ್ನೊಂದು ಮನೆಯೂ ಇತ್ತು. ಬ್ರಾಡ್ಮನ್ ಹುಟ್ಟಿ ಕೆಲವೇ ವರ್ಷಗಳಲ್ಲಿ, ಅಲ್ಲಿನ ಹಳೇ ಆಸ್ಪತ್ರೆ ಕಟ್ಟಡ ಮೂಲನಿವಾಸಿ ಹೆಣ್ಣುಮಕ್ಕಳ ‘ತರಬೇತಿ ಮನೆ’ ಆಯ್ತು. ತರಬೇತಿ ಯಾವುದಕ್ಕೆ? ಬಿಳಿಯರ ಮನೆಗಳಲ್ಲಿ ಕಸ ಗುಡಿಸೋಕೆ, ಬಟ್ಟೆ ಒಗೆಯೋಕೆ, ಅಡುಗೆ ಮಾಡೋಕೆ. ಹೆತ್ತವರ ಮಡಿಲಿಂದ ಸರ್ಕಾರವೇ ಕಿತ್ತು ತಂದ ಮಕ್ಕಳಿವರು. 1915ರ ಕಾನೂನು ತಿದ್ದುಪಡಿಯ ನಂತರ ಅದಕ್ಕೆ ಕೋರ್ಟಿನ ಅಪ್ಪಣೆಯೂ ಬೇಕಿರಲಿಲ್ಲ. 1960ರ ದಶಕದ ಕೊನೆವರೆಗೂ ಈ ಮನೆ ನಡೀತು.

2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಇಂಥ ಮಕ್ಕಳ, ಅವರ ಕುಟುಂಬಗಳ ಕ್ಷಮೆ ಕೇಳಿದರು. ಬ್ರಾಡ್ಮನ್ ಜನ್ಮಶತಮಾನೋತ್ಸವವೂ ಅದೇ ವರ್ಷ.

ಯೋಚನೆ ಮಾಡಿ. ಬ್ರಾಡ್ಮನ್ ಕೂಟಮಂಡ್ರಾದಲ್ಲಿದ್ದದ್ದು ಮೂರು ವರ್ಷಕ್ಕಿಂತ ಕಡಿಮೆ. ಆ ಹುಡುಗಿಯರಲ್ಲಿ ಎಷ್ಟೋ ಜನರ ಬಾಲ್ಯವೇ ಅಲ್ಲಿ ಕಳೆದುಹೋಯ್ತು. ಹಾಗಾದ್ರೆ ‘ನಮ್ಮೂರಿನವರು’ ಅಂತ ಹೆಸರು ಬರೆಯುವಾಗ, ಆ ಊರು ಯಾರ್ಯಾರನ್ನ ಬರೀಬೇಕು?