ಓದುಗರ ಮಾತು ಗ್ರಂಥಾಲಯದ ದಾಖಲೆಗೆ ಸೇರುವ ಬಗೆ: ಎರಡು ನಿದರ್ಶನಗಳು

ಗ್ರಂಥಾಲಯವನ್ನು ಸಂವಾದದ ತಾಣವಾಗಿ ನೋಡಬೇಕೆಂಬ ವಿಚಾರವನ್ನು ಗಟ್ಟಿಯಾಗಿ ಮುಂದಿಟ್ಟವರಲ್ಲಿ ಆಗ ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿದ್ದ ಆರ್. ಡೇವಿಡ್ ಲ್ಯಾಂಕೆಸ್ ಮತ್ತು ಅವರ ಸಹೋದ್ಯೋಗಿಗಳು ಮುಖ್ಯರು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್‌ಗಾಗಿ 2007ರ ಹೊತ್ತಿಗೆ ಅವರು ಸಿದ್ಧಪಡಿಸಿದ ವರದಿಗೆ ಗಾರ್ಡನ್ ಪಾಸ್ಕ್ ಅವರ ಸಂವಾದ ಸಿದ್ಧಾಂತವೇ ಆಧಾರ. ಅರಿವು ಹುಟ್ಟುವುದು ಮಾತುಕತೆಯಲ್ಲಿ, ಆದ್ದರಿಂದ ಗ್ರಂಥಾಲಯ ತನ್ನ ವ್ಯವಸ್ಥೆಯೊಳಗೇ ಓದುಗರ ಮಾತಿಗೆ ಜಾಗ ಮಾಡಿಕೊಡಬೇಕು ಎಂಬುದು ಅವರ ವಾದ. ಇದನ್ನು ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಓದುಗರು ಹೇಳಿದ್ದು ಕೊನೆಗೆ ಎಲ್ಲಿ ಸೇರುತ್ತದೆ? ಕೇಳಿಸಿಕೊಂಡು ಸುಮ್ಮನಾಗುವ ಗ್ರಂಥಾಲಯಕ್ಕೂ ಕೇಳಿದ್ದನ್ನು ತನ್ನ ದಾಖಲೆಗೆ ಸೇರಿಸಿಕೊಳ್ಳುವ ಗ್ರಂಥಾಲಯಕ್ಕೂ ಇರುವ ಅಂತರವೇ ಈ ಟಿಪ್ಪಣಿಯ ವಿಷಯ.

ಮೊದಲ ನಿದರ್ಶನ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನದು. 2008ರ ಜನವರಿಯಲ್ಲಿ ಅದು ತನ್ನ ಸಂಗ್ರಹದ ಮೂರು ಸಾವಿರಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಫ್ಲಿಕರ್ ತಾಣದಲ್ಲಿ ಇಟ್ಟು, ಕಂಡದ್ದನ್ನು ಬರೆಯಿರಿ ಎಂದು ಜನರನ್ನು ಕರೆಯಿತು. ಅವುಗಳಲ್ಲಿ ಅರ್ಧದಷ್ಟು ಬೇನ್ ಸುದ್ದಿಸಂಸ್ಥೆಯ 1910ರ ದಶಕದ ಆಸುಪಾಸಿನ ಚಿತ್ರಗಳು. ಗಾಜಿನ ನೆಗೆಟಿವ್ ಮೇಲೆ ಗೀಚಿದ ಒಂದೆರಡು ಪದಗಳಷ್ಟೇ ಅವುಗಳ ವಿವರಣೆ. ಅದರಲ್ಲೂ ಹೆಸರಿನ ಕಾಗುಣಿತ ತಪ್ಪಿರುವುದುಂಟು. ಅದೇ ವರ್ಷದ ಅಕ್ಟೋಬರ್ ವೇಳೆಗೆ ಜನ 67,176 ಟ್ಯಾಗ್‌ಗಳನ್ನೂ 7,166 ಟಿಪ್ಪಣಿಗಳನ್ನೂ ಸೇರಿಸಿದ್ದರು. ಹಳೆಯ ಪತ್ರಿಕೆಗಳನ್ನು ಜಾಲಾಡಿ, ಚಿತ್ರದಲ್ಲಿರುವವರು ಯಾರು, ಸಂದರ್ಭ ಯಾವುದು ಎಂಬುದನ್ನು ಆಧಾರಸಹಿತ ಬರೆದವರಿದ್ದರು. ಅಸಭ್ಯವೆಂದು ತೆಗೆದುಹಾಕಬೇಕಾಗಿ ಬಂದ ಬರಹಗಳು ಇಪ್ಪತ್ತೈದನ್ನೂ ಮುಟ್ಟಲಿಲ್ಲ.

ನನ್ನ ದೃಷ್ಟಿಯಲ್ಲಿ ಈ ಪ್ರಯೋಗದ ನಿಜವಾದ ಫಲ ಬೇರೆಯೇ ಇದೆ. ಓದುಗರು ಕೊಟ್ಟ ಮಾಹಿತಿಯನ್ನು ಸಿಬ್ಬಂದಿ ಪರಿಶೀಲಿಸಿ, ಗ್ರಂಥಾಲಯದ ಸ್ವಂತ ಸೂಚಿಯಲ್ಲಿ 500ಕ್ಕೂ ಹೆಚ್ಚು ನಮೂದುಗಳನ್ನು ಪರಿಷ್ಕರಿಸಿದರು. ಆ ಮಾಹಿತಿ ಎಲ್ಲಿಂದ ಬಂತೆಂಬುದನ್ನೂ ಅಲ್ಲೇ ದಾಖಲಿಸಿದರು. ಏಳು ಸಾವಿರ ಟಿಪ್ಪಣಿಗಳ ಎದುರು ಐನೂರು ಕಡಿಮೆ ಎನಿಸಬಹುದು. ಆದರೆ ಸಂಶೋಧಕರು ಮುಂದೆಯೂ ಹುಡುಕಿಕೊಂಡು ಬರುವುದು ಸೂಚಿಗೆ. ಅಲ್ಲಿ ಸೇರಿದ್ದು ಉಳಿಯುತ್ತದೆ. ಇನ್ನೊಬ್ಬರ ತಾಣದಲ್ಲೇ ನಿಂತ ಮಾತು ಆ ತಾಣ ಇರುವಷ್ಟು ದಿನ ಮಾತ್ರ ಸಿಗುತ್ತದೆ.

ಎರಡನೆಯ ನಿದರ್ಶನ ಕ್ಯಾನ್‌ಬೆರಾದಲ್ಲಿರುವ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ್ದು. ಇದನ್ನು ಹೆಚ್ಚು ವಿವರವಾಗಿ ನೋಡಬೇಕಾಗಿದೆ. ಆ ದೇಶದ ಮೊದಲ ಪತ್ರಿಕೆ ‘ಸಿಡ್ನಿ ಗೆಜೆಟ್’ ಹೊರಬಂದದ್ದು 1803ರಲ್ಲಿ. ಅದನ್ನು ಅಚ್ಚು ಹಾಕುತ್ತಿದ್ದ ಜಾರ್ಜ್ ಹೋವ್ ಗಡೀಪಾರು ಶಿಕ್ಷೆಗೊಳಗಾಗಿ ಅಲ್ಲಿಗೆ ಬಂದವನು. ಒಳ್ಳೆಯ ಕಾಗದಕ್ಕೂ ಮಸಿಗೂ ಬರವಿದ್ದ ವಸಾಹತು ಅದು. ಅಂಥ ಪತ್ರಿಕೆಗಳ ಮೈಕ್ರೋಫಿಲ್ಮಿನಿಂದ ಕಂಪ್ಯೂಟರ್ ಅಕ್ಷರ ಗುರುತಿಸಲು ಹೊರಟರೆ ತಪ್ಪುಗಳು ತುಂಬಿಕೊಳ್ಳುವುದು ಸಹಜ. ಹಳೆಯ ಇಂಗ್ಲಿಷ್ ಅಚ್ಚಿನಲ್ಲಿ ‘ಎಸ್’ ಅಕ್ಷರಕ್ಕೆ ಒಂದು ಉದ್ದನೆಯ ರೂಪವಿತ್ತು. ಯಂತ್ರ ಅದನ್ನು ‘ಎಫ್’ ಎಂದು ಓದಿಬಿಡುತ್ತದೆ. ಹೆಸರೊಂದರಲ್ಲಿ ಹೀಗಾದರೆ ಆ ಹೆಸರು ಹುಡುಕಾಟಕ್ಕೆ ಸಿಗುವುದೇ ಇಲ್ಲ.

2008ರಲ್ಲಿ ಈ ಪತ್ರಿಕೆಗಳನ್ನು ಅಂತರ್ಜಾಲಕ್ಕೆ ತಂದಾಗ ಗ್ರಂಥಾಲಯ ದಿಟ್ಟ ನಿರ್ಧಾರವೊಂದನ್ನು ಕೈಗೊಂಡಿತು. ಪುಟದ ಚಿತ್ರದ ಪಕ್ಕದಲ್ಲೇ ಯಂತ್ರ ಓದಿದ ಪಠ್ಯವನ್ನಿಟ್ಟು, ಯಾರು ಬೇಕಾದರೂ ತಿದ್ದಲು ಅವಕಾಶ ಕೊಟ್ಟಿತು. ಖಾತೆ ತೆರೆಯಲೇಬೇಕೆಂಬ ಕಡ್ಡಾಯವಿರಲಿಲ್ಲ, ತಿದ್ದಿದ್ದಕ್ಕೆ ಮೇಲಿನವರ ಒಪ್ಪಿಗೆಯೂ ಬೇಕಿರಲಿಲ್ಲ. ತಿದ್ದುಪಡಿ ಆಗಿಂದಾಗಲೇ ಹುಡುಕಾಟಕ್ಕೆ ಒದಗುತ್ತದೆ. ಯಂತ್ರದ ಮೂಲ ಓದು ಅಳಿಯುವುದಿಲ್ಲ, ಹಿಂದಿನ ಪಾಠಗಳೆಲ್ಲ ಉಳಿದಿರುತ್ತವೆ. ಹಸ್ತಪ್ರತಿಗಳ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತ ಬಂದ ಗ್ರಂಥಸಂಪಾದಕರಿಗೆ ಈ ಕ್ರಮದ ಬೆಲೆ ಬಿಡಿಸಿ ಹೇಳಬೇಕಿಲ್ಲ. ಯೋಜನೆಯ ಹೊಣೆ ಹೊತ್ತಿದ್ದ ರೋಸ್ ಹಾಲಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೊದಲ ಆರು ತಿಂಗಳಲ್ಲಿ ಒಂದು ಲಕ್ಷ ಲೇಖನಗಳ ಇಪ್ಪತ್ತು ಲಕ್ಷ ಸಾಲುಗಳನ್ನು ಜನ ತಿದ್ದಿದ್ದರು. ಬೇಕೆಂದೇ ಕೆಡಿಸಿದ ಒಂದು ಉದಾಹರಣೆಯೂ ಕಂಡುಬರಲಿಲ್ಲ. ಈ ಪತ್ರಿಕೆಗಳು ಮುಂದೆ ‘ಟ್ರೋವ್’ ಎಂಬ ದೊಡ್ಡ ಸೇವೆಯ ಭಾಗವಾದವು. ತಿದ್ದಿದ ಸಾಲುಗಳು ಈಗ ಹತ್ತು ಕೋಟಿಯನ್ನು ಎಂದೋ ದಾಟಿವೆ.

ಇದರ ಮಿತಿಯನ್ನೂ ಹೇಳಲೇಬೇಕು. ಜನ ತಮಗೆ ಬೇಕಾದದ್ದನ್ನು ತಿದ್ದುತ್ತಾರೆ. ವಂಶದ ಇತಿಹಾಸ ಹುಡುಕುವವರೇ ಹೆಚ್ಚಾಗಿರುವುದರಿಂದ ಜನನ, ಮದುವೆ, ಮರಣದ ಪ್ರಕಟಣೆಗಳಿಗೆ ಸಿಕ್ಕ ಗಮನ ಉಳಿದ ಸುದ್ದಿಗೆ ಸಿಕ್ಕಿಲ್ಲ. ಪದಗಳ ಎಣಿಕೆಯ ಮೇಲೆ ಭಾಷಾಚರಿತ್ರೆ ಬರೆಯುವವರು ಈ ಏರುಪೇರನ್ನು ಗಣನೆಗೆ ತೆಗೆದುಕೊಳ್ಳಬೇಕು. ಇದಕ್ಕಿಂತ ಗಂಭೀರವಾದ ಮಾತೊಂದಿದೆ. ವಸಾಹತು ಕಾಲದ ಪತ್ರಿಕೆಗಳು ಅಲ್ಲಿನ ಮೂಲನಿವಾಸಿಗಳ ಬಗ್ಗೆ ಬರೆದ ರೀತಿ ಕ್ರೂರವಾದದ್ದು. ಅಕ್ಷರ ತಿದ್ದಿದರೆ ಆ ಬರಹ ಇನ್ನಷ್ಟು ಸ್ಪಷ್ಟವಾಗಿ ಓದಲು ಸಿಗುತ್ತದೆಯೇ ಹೊರತು ಅದರ ದೃಷ್ಟಿ ಬದಲಾಗುವುದಿಲ್ಲ. ಅದಕ್ಕೆ ಉತ್ತರ ಕೊಡಲು ಆ ಸಮುದಾಯದವರ ಮಾತೇ ಬೇಕು. ಅಲ್ಲಿ ಪಠ್ಯ ತಿದ್ದುವ ಸೌಲಭ್ಯ ಸಾಲದು, ಪಕ್ಕದಲ್ಲಿ ಟಿಪ್ಪಣಿ ಬರೆಯುವ ಜಾಗವೂ ಬೇಕು. ಆ ಟಿಪ್ಪಣಿ ಮೂಲ ಬರಹದಷ್ಟೇ ಸುಲಭವಾಗಿ ಕಣ್ಣಿಗೆ ಬೀಳಬೇಕು.

2023ರ ಜೂನ್ ನಂತರ ಟ್ರೋವ್ ನಡೆಸಲು ಹಣವಿಲ್ಲ ಎಂಬ ಸ್ಥಿತಿ ಬಂದಾಗ ಬಳಕೆದಾರರು ದೊಡ್ಡದಾಗಿ ದನಿ ಎತ್ತಿದರು. ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ನಾಲ್ಕು ವರ್ಷಗಳಿಗೆ 3.3 ಕೋಟಿ ಆಸ್ಟ್ರೇಲಿಯನ್ ಡಾಲರ್ ಘೋಷಿಸಿತು. ತಾವು ತಿದ್ದಿದ ಸಾಲುಗಳಿರುವ ಸಂಗ್ರಹವನ್ನು ಜನ ತಮ್ಮದೆಂದು ಭಾವಿಸಿದ್ದರು ಎಂದು ನಾನು ತಿಳಿಯುತ್ತೇನೆ.

ಕನ್ನಡದಲ್ಲಿ ಈ ಕೆಲಸಕ್ಕೆ ಅಗತ್ಯವೂ ಇದೆ, ಅಡಿಪಾಯವೂ ಇದೆ. ಹಳೆಯ ಮೊಳೆ ಅಚ್ಚಿನ ಒತ್ತಕ್ಷರಗಳ ಮುಂದೆ ಯಂತ್ರ ಇಂದಿಗೂ ಎಡವುತ್ತದೆ. ಕನ್ನಡ ವಿಕಿಸೋರ್ಸ್ ಎಂಬ ಮುಕ್ತ ಅಂತರ್ಜಾಲ ಗ್ರಂಥಾಲಯದಲ್ಲಿ ಸ್ವಯಂಸೇವಕರು ಪುಟದ ಚಿತ್ರ ನೋಡಿಕೊಂಡು ಪಠ್ಯ ತಿದ್ದುತ್ತಾರೆ. ಒಬ್ಬರು ಕರಡು ತಿದ್ದಿದ ಪುಟ ಹಳದಿ ಗುರುತು ಪಡೆಯುತ್ತದೆ. ಮತ್ತೊಬ್ಬರು ಓದಿ ಒಪ್ಪಿದ ಮೇಲಷ್ಟೇ ಅದು ಹಸಿರಾಗುತ್ತದೆ. ಟ್ರೋವ್‌ನಲ್ಲಿ ಇಲ್ಲದ ಈ ಎರಡನೆಯ ಓದು ವಿದ್ವತ್ತಿನ ದೃಷ್ಟಿಯಿಂದ ಹೆಚ್ಚು ನಂಬಿಕೆಗೆ ಅರ್ಹ, ಆದರೆ ನಿಧಾನ. ಪತ್ರಿಕೆಗಳಿಗೆ ಕ್ಯಾನ್‌ಬೆರಾದ ದಾರಿ, ಕೃತಿಗಳಿಗೆ ವಿಕಿಸೋರ್ಸ್‌ನ ದಾರಿ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಟೈಪ್ ಮಾಡಬಲ್ಲವರು ಮಾತ್ರ ಸಮುದಾಯವಲ್ಲ. ಕರ್ನಾಟಕದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಊರಿನ ಹಳೆಯ ಫೋಟೊದಲ್ಲಿ ನಿಂತವರು ಯಾರು, ಆ ಕೆರೆ ಕಟ್ಟೆ ಯಾವ ವರ್ಷ ಒಡೆಯಿತು ಎಂದು ಹೇಳಬಲ್ಲವರು ಆ ಊರುಗಳಲ್ಲಿ ಇನ್ನೂ ಇದ್ದಾರೆ. ಅವರು ಹೇಳುವುದನ್ನು ಗ್ರಂಥಪಾಲಕರೇ ಬರೆದುಕೊಳ್ಳಬಹುದು, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು. ಹೇಳಿದವರ ಒಪ್ಪಿಗೆ ಪಡೆದು, ಅವರ ಹೆಸರು ಮತ್ತು ದಿನಾಂಕದೊಂದಿಗೆ ಸೂಚಿಗೆ ಸೇರಿಸಬಹುದು. ಜಿಲ್ಲೆಗೊಂದರಂತೆ ಯಾವುದಾದರೂ ಒಂದು ಸಂಗ್ರಹವನ್ನು ಆರಿಸಿಕೊಂಡು ಗ್ರಂಥಪಾಲಕರು ಈ ವರ್ಷವೇ ಇದನ್ನು ಆರಂಭಿಸಬೇಕು, ವಿಶ್ವವಿದ್ಯಾಲಯಗಳ ಗ್ರಂಥಾಲಯ ವಿಜ್ಞಾನ ವಿಭಾಗಗಳು ಅವರ ಜೊತೆ ನಿಲ್ಲಬೇಕು ಎಂದು ಕೇಳಿಕೊಳ್ಳುತ್ತೇನೆ.