ದಂಡಿನ ತಂಪು, ಬಯಲುಸೀಮೆಯ ಬೆವರು

ಇಂದಿರಾನಗರದ ನೆರಳಿನಲ್ಲಿ ಬೆಳೆದವರು ಏಪ್ರಿಲ್ ತಿಂಗಳಲ್ಲಿ ಮದುವೆಗೆಂದು ರಾಯಚೂರಿಗೆ ಹೋದರೆ ಮೊದಲ ದಿನವೇ ಸುಸ್ತಾಗುತ್ತಾರೆ. ಅದೇ ಬಿಸಿಲಿನಲ್ಲಿ ಅಲ್ಲಿನ ನೆಂಟರು ಚಪ್ಪರ ಕಟ್ಟುತ್ತಿರುತ್ತಾರೆ. ಅವರಿಗೆ ಬೆವರು ಕಡಿಮೆಯೇ? ಅಲ್ಲ, ಹೆಚ್ಚು. ಆ ಬೆವರೇ ಅವರ ರಕ್ಷಣೆ. ಇದನ್ನು ಅರಿಯಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು.

ಇಂದಿರಾನಗರದ ಪಕ್ಕದ ದಂಡು ಪ್ರದೇಶ ಹುಟ್ಟಿದ್ದೇ ಹವೆಯ ಕಾರಣದಿಂದ. 1799ರಲ್ಲಿ ಟಿಪ್ಪು ಪತನವಾದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಬ್ರಿಟಿಷ್ ಸೈನ್ಯವನ್ನು ಜ್ವರ ಕಾಡಿತು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರು ಹಿತವೆನಿಸಿ, 1809ರಲ್ಲಿ ಹಲಸೂರಿನ ಬಳಿ ಕಂಟೋನ್ಮೆಂಟ್ ತಲೆಯೆತ್ತಿತು.

ಸೂರ್ಯಕಿರಣ ತಲೆಬುರುಡೆ, ಬೆನ್ನುಹುರಿಗಳನ್ನು ಭೇದಿಸುತ್ತದೆ ಎಂಬುದು ಅಂದಿನ ಸೇನಾ ವೈದ್ಯರ ನಂಬಿಕೆ. ಹಾಗಾಗಿ ಸೈನಿಕರ ತಲೆಗೆ ಬೆಂಡಿನ ಟೋಪಿ, ಬೆನ್ನಿಗೆ ದಪ್ಪ ಬಟ್ಟೆಯ ಪಟ್ಟಿ. ಟೋಪಿಯೇನೋ ನೆರಳು ಕೊಟ್ಟಿತು. ಬೆನ್ನಪಟ್ಟಿ ಬೆವರು ಆರುವುದನ್ನೇ ತಡೆಯಿತು. ಮೊದಲ ಮಹಾಯುದ್ಧದಲ್ಲಿ, 1916 ಮತ್ತು 1917ರ ಬೇಸಿಗೆಗಳಲ್ಲಿ, ಮೆಸೊಪೊಟೇಮಿಯಕ್ಕೆ (ಇಂದಿನ ಇರಾಕ್) ಹೋದ ಬ್ರಿಟಿಷ್ ಸೈನಿಕರಲ್ಲಿ ಅನೇಕರು ಬಿಸಿಲಾಘಾತಕ್ಕೆ ಬಲಿಯಾದರು.

ದಾರಿ ತೋರಿದ್ದು ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳು. ಅಲ್ಲಿನ ಆಳದ ಸೆಕೆಗೆ ಹೊಸ ಕೂಲಿಕಾರರು ಸಾಯುತ್ತಿದ್ದರು. 1930ರ ದಶಕದಲ್ಲಿ ಡ್ರಿಯೋಸ್ಟಿ ಎಂಬ ವೈದ್ಯರು ಕೆಲಸಗಾರರನ್ನು ಬಿಸಿಗೆ ಕ್ರಮೇಣ ಒಗ್ಗಿಸುವ ಪದ್ಧತಿ ತಂದರು. ಸಾವುಗಳು ಇಳಿದವು.

ಒಗ್ಗುವುದೆಂದರೇನು? ಮನುಷ್ಯನ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರುಗ್ರಂಥಿಗಳಿವೆ. ಊರು ಬದಲಾದರೆ ಅವುಗಳ ಸಂಖ್ಯೆ ಬದಲಾಗದು. ಕೆಲಸದ ರೀತಿ ಬದಲಾಗುತ್ತದೆ. ಬಿಸಿಯಲ್ಲಿ ದಿನವೂ ಸ್ವಲ್ಪ ಹೊತ್ತು ದುಡಿದರೆ ಮೊದಲ ಕೆಲವು ದಿನಗಳಲ್ಲೇ ರಕ್ತದ ದ್ರವಾಂಶ ಹೆಚ್ಚಿ ಹೃದಯದ ಭಾರ ಇಳಿಯುತ್ತದೆ. ಎರಡು ವಾರಗಳೊಳಗೆ ಬೆವರು ಬೇಗ ಹೊರಡುತ್ತದೆ, ಹೆಚ್ಚು ಸುರಿಯುತ್ತದೆ, ಅದರಲ್ಲಿನ ಉಪ್ಪು ತಗ್ಗುತ್ತದೆ. ಒಂದು ಲೀಟರ್ ಬೆವರು ಮೈಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಹೊರಹೋಗುತ್ತದೆ. ಆರದೆ ತೊಟ್ಟಿಕ್ಕಿದರೆ ಪ್ರಯೋಜನವಿಲ್ಲ. ಮಂಗಳೂರಿನ ತೇವದ ಗಾಳಿಯಲ್ಲಿ ಆಗುವುದು ಇದೇ.

ಕಲಿತ ಈ ಪಾಠವನ್ನು ದೇಹ ಮರೆಯುತ್ತದೆ ಕೂಡ. ತಂಪಿನ ಊರಿಗೆ ಮರಳಿದ ಕೆಲವು ವಾರಗಳಲ್ಲಿ ಗ್ರಂಥಿಗಳು ಹಳೆಯ ಚಾಳಿಗೆ ಹಿಂತಿರುಗುತ್ತವೆ. ದಂಡಿನ ಹಿತವಾದ ಹವೆಯಲ್ಲಿದ್ದು ಬಿಸಿನಾಡಿಗೆ ಹೊರಟವರಿಗೆ ಆ ಹಿತವೇ ತೊಡಕು.

ಇಂದು ಬಿಸಿಲು ದಂಡಿನ ಬಾಗಿಲಿಗೇ ಬಂದಿದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಇಂದಿರಾನಗರದಲ್ಲಿ ಕಟ್ಟಡ ಏರಿಸುವ, ಮನೆಮನೆಗೆ ಊಟ ತಲುಪಿಸುವ ದುಡಿಮೆಗಾರರಿಗೆ ನೆರಳಿನಲ್ಲಿ ಕೂರುವ ಆಯ್ಕೆಯಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೂ ದೀರ್ಘ ರಜೆ ಮುಗಿಸಿ ಬಂದವರಿಗೂ ಮೊದಲ ಕೆಲವು ದಿನಗಳೇ ಹೆಚ್ಚು ಅಪಾಯದವು. ಆಗ ಅವರಿಗೆ ಬೇಕಾದದ್ದು ಕಡಿಮೆ ಕೆಲಸ, ನೀರು, ನೆರಳು. ಒಗ್ಗಿದವರಿಗೂ ನೀರು ಬೇಡವೆಂದಲ್ಲ. ಹೆಚ್ಚು ಬೆವರುವವರಿಗೆ ನೀರೂ ಹೆಚ್ಚೇ ಬೇಕು.